ಖಣದ ಮೂರು ಚೀಲ

ಅವ್ವ ಮುಂಡರಗಿಯಲ್ಲಿರುವ ನನ್ನ ತಮ್ಮನ ಮನೆಯಿಂದ ನನ್ನ ಬೆಟಗೇರಿ ಮನೆಗೆ ಬಂದಾಗ ಅವಳ ಸೀರೆಗಳಿಗಿಂತ ಗುಳಿಗೆಯ ಗಂಟೇ ದೊಡ್ಡದಿತ್ತು. ಪ್ಲಾಸ್ಟಿಕ್ ಕೈಚೀಲದೊಳಗೆ ಇನ್ನೊಂದು ಕೈಚೀಲ, ಅದರೊಳಗೆ ರಬ್ಬರು ಸುತ್ತಿದ ಚೀಟಿಗಳು. ದಿನಕ್ಕೆ ಹನ್ನೊಂದು ಗುಳಿಗೆ, ಏಳು ಹೊತ್ತು. ಮುಂಡರಗಿಯ ಡಾಕ್ಟರು ಬಿಪಿಗೆ ಮತ್ತು ನಿದ್ದೆಗೆ ಕೊಟ್ಟಿದ್ದರು. ತವರೂರು ಶಿಗ್ಲಿಗೆ ಹೋಗಿ ಎರಡು ತಿಂಗಳು ಇದ್ದಾಗ ಅಲ್ಲಿಯವರು ಲಕ್ಷ್ಮೇಶ್ವರದ ಡಾಕ್ಟರಿಗೆ ತೋರಿಸಿದ್ದರು. ಅವರೂ ಬಿಪಿ ನೋಡಿ ಒಂದು ಗುಳಿಗೆ ಬರೆದು, ಮೊಣಕಾಲಿಗೆ ಅಂತ ಮತ್ತೆರಡು ಸೇರಿಸಿದ್ದರು. ಆಮೇಲೆ ಗದಗಿನಲ್ಲಿ ಸಕ್ಕರೆ ಕಾಯಿಲೆ ಪತ್ತೆಯಾಗಿ ಅಲ್ಲಿಯದೊಂದು ಉದ್ದನೆಯ ಚೀಟಿ. ಕೂಡಿಸಿದವರು ಮೂವರು, ಕಳೆದವರು ಒಬ್ಬರೂ ಇಲ್ಲ.

ನಾನು ಮೂವತ್ತೆರಡು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸಿದವಳು. ಮದುವೆ ಆಗಲಿಲ್ಲ. ನಮ್ಮ ಕಡೆ ಪಾಠ ಹೇಳುವ ಹೆಂಗಸಿಗೆ ಅಕ್ಕೋರು ಅನ್ನುತ್ತಾರೆ. ನಿವೃತ್ತಿಯಾದ ಮೇಲೂ ಓಣಿಗೆಲ್ಲ ನಾನು ಅಕ್ಕೋರೇ. ನನ್ನ ಕ್ಲಾಸಿನಲ್ಲಿ ಯಾರೂ ಉಸಿರೆತ್ತುತ್ತಿರಲಿಲ್ಲ ಅಂತ ಹಳೆಯ ವಿದ್ಯಾರ್ಥಿನಿಯರು ಈಗಲೂ ಹೇಳುತ್ತಾರೆ, ನಗುತ್ತಲೇ ಹೇಳುತ್ತಾರೆ. ನಾನು ಅದನ್ನು ಹೊಗಳಿಕೆ ಅಂತಲೇ ತಿಳಿದಿದ್ದೆ.

ಏಳು ಹೊತ್ತಿನ ಗೊಂದಲ ನನಗೆ ಒಂದು ವಾರವೂ ಸಹಿಸಲಾಗಲಿಲ್ಲ. ಅವ್ವನಿಗೆ ಓದಲು ಬರುವುದಿಲ್ಲ. ಬೆಳಗಿನದನ್ನು ಮಧ್ಯಾಹ್ನ ನುಂಗುವಳು, ಮಧ್ಯಾಹ್ನದ್ದನ್ನು ಮರೆಯುವಳು, ನೆನಪಾದ ಕೂಡಲೇ ಎರಡು ನುಂಗುವಳು. ಹಳೆಯ ಖಣದ ಕುಪ್ಪಸದ ತುಂಡುಗಳಿದ್ದವು. ಅವನ್ನು ಕತ್ತರಿಸಿ ಮೂರು ಚೀಲ ಹೊಲಿದೆ: ಕೆಂಪು ಬೆಳಗಿಗೆ, ಹಸಿರು ಮಧ್ಯಾಹ್ನಕ್ಕೆ, ಹಳದಿ ರಾತ್ರಿಗೆ. ಹನ್ನೊಂದು ಗುಳಿಗೆಯನ್ನೂ ನನಗೆ ತೋಚಿದಂತೆ ಮೂರಕ್ಕೆ ಹಂಚಿದೆ. ಡಾಕ್ಟರನ್ನು ಕೇಳಬಹುದಿತ್ತು. ಆದರೆ ಹನ್ನೊಂದನ್ನು ಮೂರಕ್ಕೆ ಹಂಚಲು ನನಗೆ ಯಾರ ಸಲಹೆ ಬೇಕು! ದಿನಾ ಬೆಳಗ್ಗೆ ತುಂಬಿಸಿ ಗೋಡೆಯ ಮೊಳೆಗೆ ತೂಗುಹಾಕುತ್ತಿದ್ದೆ.

"ಊಟ ಆದ ಕೂಡಲೆ ಒಂದು ಚೀಲ. ರಾತ್ರಿ ನಾ ನೋಡಿದಾಗ ಮೂರೂ ಖಾಲಿ ಇರಬೇಕು. ತಿಳೀತಿಲ್ಲೋ?"

"ತಿಳೀತು ಬಿಡವಾ," ಅಂದಳು ಅವ್ವ.

ನನ್ನ ಪದ್ಧತಿ ಚೆನ್ನಾಗಿಯೇ ನಡೆಯಿತು. ಅಕ್ಕಪಕ್ಕದವರು ಬಂದು ನೋಡಿ ಹೊಗಳಿದರು. ಕೆಳಗಿನ ಮನೆಯಲ್ಲಿ ಬಾಡಿಗೆಗೆ ಇರುವ, ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವ ಹೆಂಗಸು ತನ್ನ ಮಾವನಿಗೂ ಇಂಥದೇ ಚೀಲ ಹೊಲಿದುಕೊಡಿ ಅಂತ ಕೇಳಿದಳು. ನಾನು ಉಬ್ಬಿಹೋದೆ.

ಒಂದು ದಿನ ಅವ್ವನ ಎಲೆ-ಅಡಿಕೆಯ ಚಂಚಿ ಝಾಡಿಸಿದಾಗ ಸುಣ್ಣದ ಡಬ್ಬಿಯ ಜೊತೆಗೆ ನಾಲ್ಕು ಬಿಳಿ ಗುಳಿಗೆ ಉದುರಿದವು. ಲಕ್ಷ್ಮೇಶ್ವರದ ಬಿಪಿ ಗುಳಿಗೆ. ಅವತ್ತು ಶಿಗ್ಲಿಯಿಂದ ಅವ್ವನ ತಂಗಿ ಬಂದಿದ್ದಳು. ಅಕ್ಕ ತಂಗಿ ಇಬ್ಬರೂ ಹೊಸ್ತಿಲ ಹತ್ತಿರ ಕೂತು ಏನೋ ನೆನೆದು ನಗುತ್ತಿದ್ದರು. ನಾನು ಗುಳಿಗೆಗಳನ್ನು ಅಂಗೈಯಲ್ಲಿ ಹಿಡಿದು ಅವರ ಮುಂದೆ ಚಾಚಿದೆ.

"ಏನಿದು?"

ಅವ್ವನ ನಗು ನಿಂತಿತು. "ಅದನ್ನ ನುಂಗಿದ್ರ ತಲಿ ಗಿರ್ರಂತ ತಿರಗತೈತಿ ಯವ್ವಾ. ಎದ್ದು ನಿಂತ್ರ ಕಣ್ಣಿಗೆ ಕತ್ತಲಿ ಬರತೈತಿ."

"ಡಾಕ್ಟರಿಗಿಂತ ನಿನಗ ಹೆಚ್ಚು ಗೊತ್ತೈತೇನು?"

ಅಲ್ಲಿಗೇ ಬಿಡಬಹುದಿತ್ತು. ಬಿಡಲಿಲ್ಲ. ಒಂದು ಗುಳಿಗೆಗೆ ಅಂಟಿದ್ದ ಸುಣ್ಣ ತೊಳೆದು ಅವ್ವನ ಕೈಗೆ ಕೊಟ್ಟು, ಅವಳ ತಂಗಿಯ ಎದುರಿಗೇ ನುಂಗಿಸಿದೆ. "ಬಾಯಿ ತಗಿ," ಅಂದೆ. ತೆಗೆದಳು. "ನಾಲಿಗಿ ಎತ್ತು," ಅಂದೆ. ಎತ್ತಿದಳು. ಎಂಬತ್ತು ದಾಟಿದ ಬಾಯಿ, ಎಲೆಯಡಿಕೆಯಿಂದ ಕೆಂಪಾಗಿದ್ದ ಒಂದೆರಡು ಹಲ್ಲು. ಚಿಕ್ಕವ್ವ ಸೆರಗಿನ ಅಂಚು ನೋಡುತ್ತ ಕೂತಿದ್ದಳು. ಚಹಾ ಕುಡಿಯದೆ ಮಧ್ಯಾಹ್ನದ ಬಸ್ಸಿಗೇ ಹೊರಟುಹೋದಳು.

ನನಗೆ ಅವ್ವನ ಮೇಲೆ ಹಳೆಯ ಸಿಟ್ಟೇನೂ ಇರಲಿಲ್ಲ. ಇದ್ದಿದ್ದರೆ ಹೇಳಿಕೊಳ್ಳಲು ಒಂದು ನೆಪವಾದರೂ ಆಗುತ್ತಿತ್ತು. ಒಬ್ಬರು ನನ್ನ ಮಾತಿಗೆ ಬಾಯಿ ತೆರೆದು ನಿಂತಿದ್ದು ನನಗೆ ಹಿತವಾಯಿತು, ಅಷ್ಟೇ. ನಿವೃತ್ತಿಯಾದ ದಿನದಿಂದ ಕಳೆದುಕೊಂಡಿದ್ದೇನೋ ಕೈಗೆ ಸಿಕ್ಕಿದಂತಾಯಿತು. ಮರುದಿನದಿಂದ ಬಾಯಿ ನೋಡುವುದು ದಿನದ ಕೆಲಸವಾಯಿತು. ಚೀಲ ಖಾಲಿಯಾಗದೆ ಚಹಾ ಇಲ್ಲ, ಪಕ್ಕದ ಮನೆಯ ಕಟ್ಟೆಗೆ ಹೋಗಿ ಕೂರುವುದಿಲ್ಲ. ಅವ್ವ ಗೋಡೆ ಹಿಡಿದು ನಡೆಯತೊಡಗಿದಳು. ವಯಸ್ಸಾಯಿತು ಅಂತ ನಾನು ಅಂದುಕೊಂಡೆ.

ಶ್ರಾವಣ ಬಂತು. ಶ್ರಾವಣದ ಸೋಮವಾರ ಅವ್ವ ಒಪ್ಪತ್ತು ಇರುತ್ತಾಳೆ. ಹಗಲೆಲ್ಲ ಬರೀ ನೀರು, ಇಳಿಹೊತ್ತಿನಲ್ಲಿ ಲಿಂಗಪೂಜೆ ಮಾಡಿಕೊಂಡು ಒಂದೇ ಊಟ. ಹತ್ತು ವರ್ಷದವಳಿದ್ದಾಗ ಹಿಡಿದದ್ದಂತೆ, ಹಡೆದ ತಿಂಗಳಲ್ಲೂ ಬಿಟ್ಟಿಲ್ಲವಂತೆ. ಅವಳು ನನ್ನ ಮನೆಗೆ ಬಂದ ಮೇಲೆ ಅದು ಮೊದಲನೆಯ ಶ್ರಾವಣ ಸೋಮವಾರ. ನನ್ನ ಜೊತೆ ಕೆಲಸ ಮಾಡಿದ ಗೆಳತಿಯೊಬ್ಬಳು ಶಿರಹಟ್ಟಿಯಲ್ಲಿ ಹೊಸ ಮನೆ ಕಟ್ಟಿಸಿ ಊಟಕ್ಕೆ ಕರೆದಿದ್ದಳು. ನಾನು ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ ಮೂರೂ ಚೀಲ ತುಂಬಿ ಮೊಳೆಗೆ ಹಾಕಿದೆ.

"ಯವ್ವಾ, ಇವತ್ತು ಸೋಮವಾರ..." ಅಂತ ಅವ್ವ ಶುರುಮಾಡಿದಳು.

"ಸೋಮವಾರ ಇರಲಿ, ಮಂಗಳವಾರ ಇರಲಿ. ನಾ ಬರೂದು ರಾತ್ರಿ ಆಗತೈತಿ. ಬಂದು ನೋಡತೀನಿ, ಮೂರೂ ಖಾಲಿ ಇರಬೇಕು."

"ಊಟ ಒಂದ..."

"ನಂಗ ಬಸ್ ತಪ್ಪತೈತಿ," ಅಂತ ಬಾಗಿಲು ಎಳೆದುಕೊಂಡೆ.

ಶಿರಹಟ್ಟಿಯಲ್ಲಿ ಹೋಳಿಗೆ ಊಟ ಭರ್ಜರಿಯಾಗಿತ್ತು. ಊಟ ಮಾಡುತ್ತ ನಾನು ಎಲ್ಲರಿಗೂ ನನ್ನ ಮೂರು ಚೀಲದ ಪದ್ಧತಿ ವರ್ಣಿಸಿದೆ. ಮುದುಕರನ್ನು ನೋಡಿಕೊಳ್ಳುವುದೆಂದರೆ ಅಳ್ಳಕ ಬಿಡಬಾರದು, ಒಮ್ಮೆ ಬಿಟ್ಟರೆ ತಲೆಯ ಮೇಲೆ ಕೂರುತ್ತಾರೆ ಅಂದೆ. ಎಲ್ಲರೂ ಹೌದೌದು ಅಂದರು. ಮಾತು ಮುಗಿಸಿ ಗದಗಿನ ಬಸ್ಸು ಹಿಡಿದು ಮನೆಗೆ ಬರುವಷ್ಟರಲ್ಲಿ ರಾತ್ರಿ ಊಟದ ಹೊತ್ತು ಮೀರಿತ್ತು.

ಒಳಗೆ ಕಾಲಿಟ್ಟವಳು ಮೊದಲು ನೋಡಿದ್ದು ಮೊಳೆಯನ್ನು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಖರೆ ಅದೇ. ಮೂರೂ ಚೀಲ ಚಪ್ಪಟೆಯಾಗಿ ನೇತಾಡುತ್ತಿದ್ದವು. ಶಭಾಷ್ ಅಂದುಕೊಂಡೆ. ಆಮೇಲೆ ಅವ್ವನನ್ನು ನೋಡಿದೆ.

ಗೋಡೆಗೆ ಒರಗಿ ಕೂತಿದ್ದಳು. ಕುಪ್ಪಸ ಬೆವರಿನಿಂದ ತೊಯ್ದು ಮೈಗೆ ಅಂಟಿತ್ತು. ಕೈ ನಡುಗುತ್ತಿತ್ತು, ಕಣ್ಣು ಎಲ್ಲೋ ಇತ್ತು. ಕೆಳಗಿನ ಮನೆಯವಳು ಬೆಲ್ಲದ ನೀರಿನ ಲೋಟ ಹಿಡಿದುಕೊಂಡು ಅವಳ ಪಕ್ಕ ಮೊಣಕಾಲೂರಿದ್ದಳು.

"ನೋಡ್ರಿ ಅಕ್ಕೋರ, ಹೆಂಗೆಂಗರ ಮಾಡಾಕ ಹತ್ಯಾಳ ಆಯಿ. ನಮ್ಮ ಮಾವಗೂ ಸಕ್ರಿ ಇಳದಾಗ ಹಿಂಗ ಆಗಿತ್ತು. ಬೆಲ್ಲದ ನೀರು ಕುಡಿಸಾಕ ಹೋದ್ರ ಬಾಯಿ ಬಿಗಿ ಹಿಡದಾಳ. ಒಪ್ಪತ್ತು ಅಂತ, ಮತ್ತ ಏನೂ ತಗೊಳ್ಳಂಗಿಲ್ಲಂತ."

"ಅವ್ವಾ," ಅಂದೆ. ಅವಳು ನನ್ನ ದನಿಗೆ ತಲೆ ಎತ್ತಿದಳು. ಗುರುತು ಸಿಕ್ಕಿತೋ ಇಲ್ಲವೋ ತಿಳಿಯದು. ಎರಡೂ ಕೈ ಜೋಡಿಸಿದಳು.

"ಎಲ್ಲಾ ನುಂಗೇನ್ರಿ ಅಕ್ಕೋರ. ಒಂದೂ ಬಿಟ್ಟಿಲ್ಲರಿ."

ನನ್ನನ್ನು ಹೆತ್ತವಳು ನನಗೆ 'ರಿ' ಹಚ್ಚಿ ಮಾತಾಡಿದ್ದು ಅದೇ ಮೊದಲು. ಅಳಲು ಆಗ ಪುರಸೊತ್ತಿರಲಿಲ್ಲ.

ಲೋಟ ಇಸಿದುಕೊಂಡೆ. "ಕುಡಿ ಅವ್ವಾ, ಒಂದು ಗುಟುಕು ಕುಡಿ, ನಿನ್ನ ಕಾಲಿಗೆ ಬೀಳತೀನಿ," ಅಂದೆ. ತುಟಿ ಅಲ್ಲಾಡಲಿಲ್ಲ. ಗಲ್ಲ ಸವರಿದೆ, ಬೇಡಿಕೊಂಡೆ. ನನ್ನ ಪ್ರೀತಿಯ ದನಿ ಅವಳಿಗೆ ಗೊತ್ತೇ ಇರಲಿಲ್ಲವೇನೋ. ಕೊನೆಗೆ ಗೊತ್ತಿದ್ದ ದನಿಯನ್ನೇ ತೆಗೆದೆ.

"ಬಾಯಿ ತಗಿ!"

ಥಟ್ಟನೆ ತೆಗೆದಳು. ನಾನು ಹೇಳುವ ಮೊದಲೇ ನಾಲಿಗೆಯನ್ನೂ ಎತ್ತಿದಳು. ನಾಲಿಗೆ ಎತ್ತಿದ್ದರಿಂದ ಬೆಲ್ಲದ ನೀರು ಒಳಗಿಳಿಯದೆ ಗದ್ದದಗುಂಟ ಹರಿಯಿತು. "ನಾಲಿಗಿ ಇಳಸು," ಅಂತ ಮತ್ತೆ ಗದರಿಸಿದೆ. ಹೀಗೆ ಗದರಿಸಿ ಗದರಿಸಿ ಅರ್ಧ ಲೋಟ ಒಳಗೆ ಹೋಯಿತು. ಕೆಳಗಿನ ಮನೆಯವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಆಟೋ ಕರೆಯಲು ಓಡಿದಳು.

ಗದಗಿನ ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಚ್ಚಿದರು. ಮೂರು ದಿನ ಇಟ್ಟುಕೊಂಡರು. ಮರುದಿನ ಅವ್ವನಿಗೆ ಪೂರ್ತಿ ಎಚ್ಚರ ಬಂದ ಮೇಲೆ ಡಾಕ್ಟರು ಮಂಚದ ಹತ್ತಿರ ಬಂದರು. ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನ ಹುಡುಗ.

"ಯಾಕ ಅಜ್ಜಿ, ಇಡೀ ದಿನದ ಗುಳಿಗಿ ಒಮ್ಮೆಲೆ ನುಂಗಿದ್ರಿ?"

"ಊಟ ಆದ ಮ್ಯಾಲ ನುಂಗೋದಲ್ಲರಿ? ಸೋಮವಾರ ಒಂದ ಊಟರಿ ನಂದು. ಚೀಲ ಮೂರೂ ಖಾಲಿ ಇರಬೇಕಿತ್ತು. ಅದಕ್ಕ ಎಲ್ಲಾ ಆಗ ನುಂಗಿದ್ನಿರಿ."

ಹೇಳಿದವರು ಯಾರು ಅಂತ ಡಾಕ್ಟರು ಕೇಳಲಿಲ್ಲ, ನನ್ನ ಕಡೆ ನೋಡಿದರು ಅಷ್ಟೇ. ಚೀಟಿ, ಗುಳಿಗೆ ಎಲ್ಲ ತರಿಸಿಕೊಂಡು ಮಂಚದ ಮೇಲೆ ಹರಡಿದರು. ಒಂದೊಂದೇ ಎತ್ತಿ ನೋಡಿ ಪಕ್ಕಕ್ಕಿಡತೊಡಗಿದರು. ಮುಂಡರಗಿಯ ಬಿಪಿ ಗುಳಿಗೆ, ಲಕ್ಷ್ಮೇಶ್ವರದ ಬಿಪಿ ಗುಳಿಗೆ ಎರಡೂ ಒಂದೇ ಔಷಧ, ಕಂಪನಿಯ ಹೆಸರು ಮಾತ್ರ ಬೇರೆ. ದಿನಾ ಎರಡು ಪಾಲು ಹೋಗುತ್ತಿತ್ತು. "ತಲಿ ತಿರಗತೈತಿ ಅಂತಿರಲಿಲ್ಲೇನು ಇವರು?" ಅಂತ ಕೇಳಿದರು. ಅಂತಿದ್ದಳು. ನಾನು ಚೀಟಿಯ ರಬ್ಬರನ್ನು ಬೆರಳಿಗೆ ಸುತ್ತುತ್ತ ನಿಂತೆ. ಮೊಣಕಾಲಿನವು ಹದಿನೈದು ದಿನಕ್ಕೆ ಬರೆದುಕೊಟ್ಟವು, ಎರಡು ವರ್ಷದಿಂದ ನುಂಗುತ್ತಿದ್ದಳು. ನಿದ್ದೆಯದು ಬೇಕಾಗಿಯೇ ಇರಲಿಲ್ಲ. ಸಕ್ಕರೆಯ ಎರಡನ್ನು ತೆಗೆದು ಒಂದು ಸೌಮ್ಯವಾದದ್ದು ಕೊಟ್ಟರು.

ಕೊನೆಗೆ ಉಳಿದದ್ದು ಮೂರು. ಮೂರೂ ಬೆಳಗಿನ ನಾಷ್ಟಾದ ಮೇಲೆ, ಒಂದೇ ಹೊತ್ತು. ಒಪ್ಪತ್ತಿನ ದಿನ ಆ ಒಂದೇ ಊಟದ ಜೊತೆ ತೆಗೆದುಕೊಂಡರೂ ನಡೆಯುತ್ತದೆ ಅಂದರು. ಈ ಮಾತು ಕೇಳಲು ನಾನು ಬೆಟಗೇರಿಯಿಂದ ಗದಗಿಗೆ ಬರಬೇಕಿತ್ತು, ಅಷ್ಟೇ. ಸಿಟಿ ಬಸ್ಸಿನಲ್ಲಿ ಹದಿನೈದು ನಿಮಿಷದ ದಾರಿ.

"ಒಬ್ಬರ ಕೈಲೆ ಕೊಡಿಸ್ರಿ," ಅಂದರು ಡಾಕ್ಟರು. "ಅಜ್ಜಿ, ಯಾರು ಕೊಡಬೇಕು ನಿಮಗ? ಮಗಳು ಮನಿಯಾಗ ಅದಾರಲ್ಲ?"

ಅವ್ವ, ಡಬ್ಬಿಯಲ್ಲಿ ಗಂಜಿ ತಂದು ಬಾಗಿಲ ಹತ್ತಿರ ನಿಂತಿದ್ದ ಕೆಳಗಿನ ಮನೆಯವಳ ಕಡೆ ಬೆರಳು ಮಾಡಿದಳು.

"ಈಕಿ ಕೊಡ್ಲಿ."

"ಮಗಳು?"

"ಆಕಿ ಕೊಟ್ರ ನನಗ ನೀರು ಒಳಗ ಇಳಿಯಂಗಿಲ್ಲರಿ." ಸಿಟ್ಟಿನಿಂದ ಅಂದದ್ದಲ್ಲ. ಹೊಟ್ಟೆ ನೋಯುತ್ತದೆ, ಕಾಲು ಜೋಮು ಹಿಡಿದಿದೆ ಅಂತ ಡಾಕ್ಟರಿಗೆ ಹೇಳುವ ದನಿಯಲ್ಲೇ ಹೇಳಿದಳು. ಡಾಕ್ಟರು ಅದನ್ನು ಚೀಟಿಯಲ್ಲಿ ಬರೆಯಲಿಲ್ಲ.

ಮನೆಗೆ ಬಂದಂದಿನಿಂದ ಕೆಳಗಿನ ಮನೆಯವಳು ದಿನಾ ಬೆಳಗ್ಗೆ ರೊಟ್ಟಿ ಬಡಿಯುವ ಕೆಲಸ ಮುಗಿಸಿ, ಹಿಟ್ಟಿನ ಕೈ ತೊಳೆದುಕೊಂಡು ಮೇಲೆ ಬರುತ್ತಾಳೆ. ನಾನು ಹಾಲಿನ ನೆಪ ಮಾಡಿ ಹೊರಗೆ ಹೋಗುತ್ತೇನೆ. ನಾನು ಮನೆಯಲ್ಲಿದ್ದರೆ ಗುಳಿಗೆ ಅವ್ವನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಎರಡು ದಿನ ಹಾಗೆ ಆಗಿ, ಮೂರನೆಯ ದಿನ ನಾನೇ ಅರ್ಥ ಮಾಡಿಕೊಂಡೆ. ಅವ್ವ ಈಗ ಗೋಡೆ ಹಿಡಿಯದೆ ನಡೆಯುತ್ತಾಳೆ. ಪಕ್ಕದ ಮನೆಯ ಕಟ್ಟೆಗೂ ಹೋಗಿ ಕೂರುತ್ತಾಳೆ. ನನ್ನ ಜೊತೆ ಚೆನ್ನಾಗಿಯೇ ಮಾತಾಡುತ್ತಾಳೆ. ಕ್ಷಮಿಸು ಅಂತ ಒಮ್ಮೆ ಕೇಳಿದೆ. "ಯಾತಕ್ಕವಾ?" ಅಂದಳು.

ಮೊನ್ನೆ ಹಾಲಿನವನು ಬಂದಿರಲಿಲ್ಲ, ಬೇಗ ತಿರುಗಿ ಬಂದೆ. ಮೆಟ್ಟಿಲ ಕೊನೆಯಲ್ಲಿ ನಿಂತಾಗ ಒಳಗಿನಿಂದ ಇಬ್ಬರ ನಗು ಕೇಳಿಸಿತು. ನನ್ನ ಚಪ್ಪಲಿಯ ಸಪ್ಪಳ ಕೆಳಗಿನ ಮನೆಯವಳ ಕಿವಿಗೆ ಬಿದ್ದಿರಬೇಕು.

"ಅಕ್ಕೋರು ಬಂದ್ರು ಕಾಣತೈತಿ ಆಯಿ. ಒಳಗ ಬರ್ರಿ ಅನ್ನಲೇನು?"

ನಗು ನಿಂತಿತು. ಲೋಟ ನೆಲಕ್ಕೆ ತಾಗಿದ ಸದ್ದು.

"ತಡಿ," ಅಂದಳು ಅವ್ವ, ದನಿ ತಗ್ಗಿಸಿ. "ಇನ್ನೊಂದು ಗುಳಿಗಿ ಐತಿ."