ಹಳ್ಳಕ್ಕೆ ಕಲ್ಲು ಹಾಸುವ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ ಹಳ್ಳಕ್ಕಿಳಿದ ಹೆಂಗಸೊಬ್ಬರು ಹಾರೆಯ ತುದಿಯಿಂದ ಕಲ್ಲೊಂದನ್ನು ಮೀಟುತ್ತಿದ್ದಾರೆ. ಅದರಡಿಗೆ ಚೂರುಗಲ್ಲು ತುರುಕಿ, ಮೇಲೆ ನಿಂತು ಒಮ್ಮೆ ಕುಣಿಯುತ್ತಾರೆ. "ನಾನು ಕುಣಿದ್ರೂ ಅಲ್ಲಾಡಿಲ್ಲ ಅಂದ್ರೆ ಇನ್ನು ಆನೆ ಬಂದ್ರೂ ಭಯವಿಲ್ಲ" ಎಂದು ತಮ್ಮ ದಪ್ಪ ಮೈಗೆ ತಾವೇ ನಗುತ್ತಾರೆ.

ಎರಡೂ ದಡದ ಊರಿನವರಿಗೆ ಇವರು ಕಲ್ಲಕ್ಕ. ಹೊಟ್ಟೆಪಾಡಿಗೆ ಗಾರೆ ಕೆಲಸ. ಅದಕ್ಕೆ ಹೊರಡುವ ಮೊದಲು ಹಳ್ಳದ ಕೆಲಸ. ಮಳೆಗಾಲದ ನೆರೆ ಕಲ್ಲುಗಳನ್ನು ಉರುಳಿಸಿಕೊಂಡು ಹೋಗುತ್ತದೆ. ನೀರಿಳಿಯುತ್ತಲೇ ಇವರು ಹುಡುಕಿ ತಂದು ಮತ್ತೆ ಸಾಲು ಹಿಡಿಸುತ್ತಾರೆ. ಶಾಲೆಯ ಮಕ್ಕಳು, ಬಸುರಿಯರು, ಹಾಲಿನ ಕ್ಯಾನು ಹೊತ್ತವರು ಎಲ್ಲರಿಗೂ ಇದೇ ದಾರಿ. "ಕಲ್ಲಕ್ಕ ಇಲ್ದಿದ್ರೆ ಅರ್ಧ ಹಾಲು ಮೀನಿಗೇ" ಎನ್ನುತ್ತಾನೆ ದಾಟುತ್ತಿದ್ದ ಹಾಲಿನವನು.

ಇದು ಶುರುವಾದದ್ದು ಅವರ ಅಮ್ಮ ತೀರಿಕೊಂಡ ವರ್ಷ. ಆ ಮಳೆಗೆ ಕಾಲುಸೇತುವೆ ಕೊಚ್ಚಿಹೋಗಿತ್ತು. ಆಚೆ ದಡದ ಊರಿಗೆ ಕೊಟ್ಟಿದ್ದ ತಂಗಿ ಸುದ್ದಿ ಕೇಳಿ ಓಡಿಬಂದರೆ, ಹಳ್ಳ ದಡ ಮೀರಿ ಹರಿಯುತ್ತಿತ್ತು.

"ಅವಳು ಆ ಕಡೆ ಎದೆ ಬಡ್ಕೋತಿದ್ಲು, ನಾನು ಈ ಕಡೆ. ಬಾಯಿ ಆಡೋದು ಕಾಣ್ತಿತ್ತು, ದನಿ ಕೇಳ್ತಿರಲಿಲ್ಲ. ಕಾಯೋಷ್ಟು ಕಾದ್ವಿ. ಆಮೇಲೆ ಅಮ್ಮನ್ನ ಮಣ್ಣು ಮಾಡಿದ್ವಿ."

ಸೇತುವೆ ಮತ್ತೆ ಬರಲಿಲ್ಲ. ನೀರು ಇಳಿದಾಗ ಕಲ್ಲಕ್ಕ ಹಾರೆ ಹಿಡಿದರು. ತಲೆ ಕೆಟ್ಟಿದೆ ಎಂದು ಮೊದಮೊದಲು ನಕ್ಕವರೇ ಈಗ ದಿನವೂ ದಾಟುತ್ತಾರೆ. ಕಲ್ಲುಗಳನ್ನು ವರ್ಷದಿಂದ ವರ್ಷಕ್ಕೆ ಎತ್ತರಿಸಿದ್ದರಿಂದ ಸಾಧಾರಣ ಮಳೆಗೆ ದಾರಿ ಮುಳುಗುವುದೂ ಇಲ್ಲ.

ದಾಟದವಳು ತಂಗಿಯೊಬ್ಬಳೇ. ಅಕ್ಕ ಹೋದರೆ ಕೂರಿಸಿ ಬಡಿಸುತ್ತಾಳೆ, ತಲೆ ಬಾಚಿ ಕಳಿಸುತ್ತಾಳೆ. ಮನೆಗೆ ಬಾರೇ ಎಂದರೆ ಮಾತ್ರ ಮುಖ ತಿರುಗಿಸುತ್ತಾಳೆ: "ಅಮ್ಮನ ಮುಖ ನೋಡೋಕೆ ಬಿಡದ ಹಳ್ಳ ಅದು. ಇನ್ಯಾರಿಗೋಸ್ಕರ ದಾಟಲಿ ಅಕ್ಕಾ?"

ನಿಮಗೆ ಹಳ್ಳದ ಮೇಲೆ ಸಿಟ್ಟಿಲ್ಲವೇ ಎಂದು ಕೇಳುತ್ತೇನೆ. ಕಲ್ಲಕ್ಕ ಆಚೆ ದಡದ ಹೆಂಚುಗಳ ಕಡೆ ನೋಡುತ್ತಾರೆ.

"ನೀರಿಗೇನು ಗೊತ್ತು, ಪಾಪ. ಅವಳು ಹಾಗಂದಾಗ ಎದ್ದು ಬಂದು ಮತ್ತೆ ಹಾರೆ ಹಿಡೀತೀನಿ. ಒಂದು ಸಲ ಬಂದು, ಚಿಕ್ಕವರಿದ್ದಾಗಿನ ಹಾಗೆ ನನ್ನ ಪಕ್ಕ ಮಲಗಿ ಹೋಗ್ಲಿ, ಅಷ್ಟು ಸಾಕು. ಅಮ್ಮ ಹೋದ್ರೇನಂತೆ? ನಾನಿದ್ದೀನಲ್ಲ, ಅವಳ ತವರು."