ಹೊಳೆದಾರಿಯ ಆರು ದೀಪಗಳು

ನಾನು ನೆಟ್ಟ ಆರು ದೀಪಗಳು ಒಳ್ಳೆಯದು ಮಾಡಿದವೋ ಕೆಟ್ಟದ್ದು ಮಾಡಿದವೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಗೊತ್ತಾಯಿತು ಎಂದು ನಡುವೆ ಎರಡು ಮೂರು ಸಲ ಅಂದುಕೊಂಡದ್ದುಂಟು. ಒಮ್ಮೆ, ನಾನು ಮಾಡಿದ್ದೇ ಸರಿ ಎಂದು ಎದೆ ಸೆಟೆಸಿಕೊಂಡು ತಿರುಗಿದೆ. ಇನ್ನೊಮ್ಮೆ, ನನ್ನಂಥ ದಡ್ಡ ಇಡೀ ಜಮಖಂಡಿಯಲ್ಲಿ ಇನ್ನೊಬ್ಬನಿಲ್ಲ ಎಂದು ಊಟ ಬಿಟ್ಟು ಮಲಗಿದೆ. ಎರಡೂ ಬಹಳ ದಿನ ನಿಲ್ಲಲಿಲ್ಲ. ಈಗ ನಿವೃತ್ತನಾಗಿ ಮನೆಯಲ್ಲಿ ಕುಳಿತಿದ್ದೇನೆ, ಗೊಂದಲ ಹಾಗೇ ಇದೆ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮಗೆಲ್ಲ ಆಗ ಜಿಲ್ಲೆ ಎಂದರೆ ವಿಜಾಪುರ. ನಮ್ಮದು ಜಮಖಂಡಿಯ ಹಳೆಯ ಮನೆತನ. ಮನೆಯೊಳಗೆ ಮರಾಠಿ, ಹೊಸ್ತಿಲ ಆಚೆ ಕನ್ನಡ. ಅಜ್ಜ ಗುಡಿಯಲ್ಲಿ ದೀಪ ಹಚ್ಚಿ ಬದುಕಿದವರು, ಮೊಮ್ಮಗ ಸರಕಾರದ ದೀಪ ಹಚ್ಚುವ ನೌಕರಿ ಹಿಡಿದ ಎಂದು ನಮ್ಮ ಆಯಿ, ಅಂದರೆ ಅವ್ವ, ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. ನಾನು ಕಿರಿಯ ಇಂಜಿನಿಯರ್. ವಯಸ್ಸು ಇಪ್ಪತ್ತಾರು, ಮೂಗಿನ ತುದಿಯಲ್ಲೇ ಸಿಟ್ಟು, ಯಾರ ಮಾತನ್ನೂ ಪೂರ್ತಿ ಕೇಳುವ ವ್ಯವಧಾನವಿಲ್ಲ.

ಬಿಸಿಲಿನಿಂದ ಉರಿಯುವ ದಾರಿದೀಪಗಳು ನಮ್ಮ ಕಡೆ ಮೊದಲ ಸಲ ಬಂದದ್ದು ಆಗಲೇ. ಹಗಲೆಲ್ಲ ಕಂಬದ ತಲೆಯ ಮೇಲಿನ ಗಾಜಿನ ಹಲಗೆ ಬಿಸಿಲು ಕುಡಿಯುತ್ತದೆ, ಅದು ಬ್ಯಾಟರಿಯಲ್ಲಿ ಕೂಡುತ್ತದೆ, ಕತ್ತಲಾದರೆ ದೀಪ ತಾನೇ ಹತ್ತಿಕೊಳ್ಳುತ್ತದೆ, ಬೆಳಗಾದರೆ ತಾನೇ ಆರುತ್ತದೆ. ಇಂಥ ಆರು ದೀಪ ಬೀಳಗಿ ತಾಲೂಕಿನ ಒಂದು ಹಳ್ಳಿಗೆ ಮಂಜೂರಾದವು. ಗಲಗಲಿಯಿಂದ ಸ್ವಲ್ಪ ದೂರದಲ್ಲಿ, ಕೃಷ್ಣೆಯ ದಂಡೆಗೇ ಇರುವ ಊರು. ಊರಿನಿಂದ ದೋಣಿ ನಿಲ್ಲುವ ಘಟ್ಟದವರೆಗೆ ಇಳಿಜಾರಿನ ಒಂದೇ ನೇರ ದಾರಿ, ಎರಡೂ ಬದಿ ಜಾಲಿಮುಳ್ಳು. ಮಳೆಗಾಲದಲ್ಲಿ ಅರ್ಧ ದಾರಿ ನೀರಿನಲ್ಲಿ ಹೋಗುತ್ತದೆ. ವಿದ್ಯುತ್ ಕಂಬ ಹಾಕಿದರೆ ತಂತಿ ಹರಿದು ನೀರಿಗೆ ಬೀಳುತ್ತದೆಂದು ಯಾರೂ ಹಾಕಿರಲಿಲ್ಲ.

ಆಚೆ ದಂಡೆಯಿಂದ ಸಂಜೆಯ ಕೊನೆಯ ದೋಣಿ ಬರುವ ಹೊತ್ತಿಗೆ ಅಂಬಿಗನ ಹೆಂಡತಿ ಕಂದೀಲು ಹಿಡಿದು ಘಟ್ಟದಲ್ಲಿ ನಿಂತಿರುತ್ತಿದ್ದಳು. ಹದಿನೈದಕ್ಕೆ ಮದುವೆಯಾಗಿ ಬಂದಾಗಿನಿಂದ ಮೂವತ್ತು ವರ್ಷ, ಒಂದು ಸಂಜೆಯೂ ತಪ್ಪಿಸಿರಲಿಲ್ಲವಂತೆ. ನಾನು ಹೋದದ್ದು ಚಳಿಗಾಲ ಮತ್ತು ಬೇಸಿಗೆಯಲ್ಲಿ. ಆಗ ಹೊಳೆ ಕೆಳಗೆ ತೆಪ್ಪಗೆ ಮಲಗಿರುತ್ತದೆ. ಅವಳು ಪ್ರತಿದಿನ ಘಟ್ಟದ ಅದೇ ಕಲ್ಲಿನ ಕಟ್ಟೆಯ ಮೇಲೆ ನಿಂತಿರುವುದನ್ನು ನೋಡಿದೆ. ದೋಣಿ ಇಳಿದವರಿಗೆ ಕಾಲುದಾರಿ ಕಾಣಲಿ ಎಂದು ನಿಲ್ಲುತ್ತಾಳೆ ಎಂದುಕೊಂಡೆ. ಪಾಪ, ಇವಳಿಗೊಂದು ಬಿಡುಗಡೆ ಮಾಡೋಣ ಎಂದೂ ಅಂದುಕೊಂಡೆ.

ನನ್ನ ತಲೆಯಲ್ಲಿದ್ದದ್ದು ಒಂದೇ ಚಿಂತೆ: ನೀರಿಗೆ ದೀಪ ಕೆಡಬಾರದು. ಕಂಪನಿಯವರ ನಕ್ಷೆಯಲ್ಲಿ ಬ್ಯಾಟರಿ ಪೆಟ್ಟಿಗೆ ಕಂಬದ ಬುಡದಲ್ಲಿತ್ತು. ಇದೇನು ಇವರು ಹೊಳೆ ನೋಡಿದ್ದಾರೋ ಇಲ್ಲವೋ ಎಂದು ಬೈದುಕೊಂಡು, ಅದನ್ನು ಮೇಲೆ ಏರಿಸಲು ಹಟ ಹಿಡಿದೆ. ಎಷ್ಟು ಮೇಲೆ? ಒಂದು ದಿನ ಮಧ್ಯಾಹ್ನದ ಬಸ್ಸಿಗೆ ಹೋಗಿ ಊರ ಹಿರಿಯರನ್ನೆಲ್ಲ ಘಟ್ಟಕ್ಕೆ ಕರೆಸಿ ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಕೇಳಿದೆ.

"ಹಣಮಪ್ಪನ ಗುಡಿ ಮೆಟ್ಟಲಾ ಮುಟ್ಟಿತ್ರಿ ಒಮ್ಮೆ," ಎಂದರು ಒಬ್ಬರು.

"ಮೆಟ್ಟಲಾ ಎಲ್ಲೀದು, ಹಣಮಪ್ಪನ ಬಾಲಾನ ತೋಯಿಸಿತ್ತು," ಎಂದರು ಇನ್ನೊಬ್ಬರು.

ಒಬ್ಬರು ಸೊಂಟ ತೋರಿಸಿದರು, ಒಬ್ಬರು ಕುತ್ತಿಗೆ. ಯಾರ ಕಾಲದ ಹೊಳೆ ದೊಡ್ಡದು ಎಂದು ಅವರವರಲ್ಲೇ ಜಗಳ ಹತ್ತಿತು. ತಲೆ ಚಿಟ್ಟು ಹಿಡಿದರೂ ನಾನು ಎಲ್ಲವನ್ನೂ ಬರೆದುಕೊಂಡೆ. ಮುಗಿಯುವ ಹೊತ್ತಿಗೆ ಕತ್ತಲಾಗಿತ್ತು, ನಾಲ್ಕು ಹಾಳೆ ತುಂಬಿದ್ದವು. ಕೊನೆಗೆ ಎಲ್ಲರಿಗಿಂತ ದೊಡ್ಡ ಹೊಳೆ ಹೇಳಿದವರ ಮಾತು ಹಿಡಿದು ಬ್ಯಾಟರಿಯನ್ನು ಅದಕ್ಕೂ ಮೇಲೆ ಕೂಡಿಸಿದೆ. ಕಂಬದ ಬುಡಕ್ಕೆ ಆಳೆತ್ತರ ಕಾಂಕ್ರೀಟು. ಹುಡುಗರು ಕಲ್ಲು ಹೊಡೆದಾರೆಂದು ದೀಪಕ್ಕೆ ಕಬ್ಬಿಣದ ಜಾಳಿಗೆ. ಯಾರೂ ಕೈ ಹಚ್ಚಬಾರದೆಂದು ಬಟನ್ನೇ ಇಲ್ಲ. ಪೆಟ್ಟಿಗೆಗೆ ಬೀಗ, ಬೀಗದ ಕೈ ನಮ್ಮ ಕಚೇರಿಯಲ್ಲಿ. ಮೊದಲನೇ ದೀಪ ಘಟ್ಟದ ಕಟ್ಟೆಯ ಪಕ್ಕಕ್ಕೆ, ಆರನೆಯದು ಊರ ಬಾಯಿಗೆ.

ದೀಪ ಹತ್ತಿದ ದಿನ ಊರಿಗೆ ಊರೇ ಸೇರಿತ್ತು. ನಾನು ಆ ಹೆಣ್ಣುಮಗಳ ಹತ್ತಿರ ಹೋಗಿ, "ಇನ್ನ ಮ್ಯಾಲ ನೀವು ನಿಂದರೂದು ಬ್ಯಾಡ್ರಿ ಅಕ್ಕಾರ," ಎಂದೆ.

ಅವಳು ದೀಪಗಳನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು. "ಹೊಳಿ ಬಂದಾಗ ಹೆಂಗ್ರಿ ಸಾಹೇಬ್ರ?" ಎಂದಳು. ನಮ್ಮ ಕಡೆ ಪ್ರವಾಹಕ್ಕೆ ಹೊಳೆ ಬಂತು ಎನ್ನುತ್ತಾರೆ.

"ಹೊಳಿ ಬಂದ್ರೂ ಇವು ಆರೂದಿಲ್ರಿ. ಬರದ ಕೊಡತೇನಿ," ಎಂದೆ ನಾನು.

ಅವಳು ಕೈಯಲ್ಲಿದ್ದ ಕಂದೀಲಿನ ಬತ್ತಿ ಇಳಿಸಿದಳು. ಸರಕಾರದ ಮನುಷ್ಯ, ಓದಿದವನು, ಎಲ್ಲ ಯೋಚಿಸಿಯೇ ಹೇಳಿರುತ್ತಾನೆ ಎಂದುಕೊಂಡಳಂತೆ. ಆಮೇಲೆ ಅವಳು ಸಂಜೆ ಘಟ್ಟಕ್ಕೆ ಬರುವುದನ್ನು ಬಿಟ್ಟಳು.

ಶ್ರಾವಣದಲ್ಲಿ ಹೊಳೆ ಬಂತು. ನಮ್ಮಲ್ಲಿ ಹೊಳೆ ಬರಲು ನಮ್ಮಲ್ಲಿ ಮಳೆಯಾಗಬೇಕೆಂದಿಲ್ಲ. ಮೇಲೆ ಮಹಾರಾಷ್ಟ್ರದ ಬೆಟ್ಟಸಾಲಿನಲ್ಲಿ ಸುರಿದರೆ ಸಾಕು, ಇಲ್ಲಿ ಸುಡು ಬಿಸಿಲಿನಲ್ಲಿ ಹೊಳೆ ಏರುತ್ತ ಹೋಗುತ್ತದೆ. ಸುದ್ದಿ ಕೇಳಿದ್ದೇ ನಾನು ಬಸ್ಸು ಹಿಡಿದೆ. ಖರೆ ಹೇಳಬೇಕೆಂದರೆ ಊರಿನವರ ಕಾಳಜಿಗಲ್ಲ, ನನ್ನ ದೀಪ ನೋಡುವ ಆಸೆಗೆ ಹೋದೆ.

ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ಮೂರು ಕಂಬಗಳು ಅರ್ಧ ನೀರಿನಲ್ಲಿದ್ದವು, ಘಟ್ಟದ ಕಟ್ಟೆ ಕಾಣುತ್ತಲೇ ಇರಲಿಲ್ಲ. ನಾಲ್ಕನೇ ಕಂಬದ ಬುಡಕ್ಕೆ ಕೆಂಪು ನೀರು ನೆಕ್ಕುತ್ತಿತ್ತು. ಬೆಳಿಗ್ಗೆ ಮೊದಲನೇ ಕಂಬದ ಬುಡ ಮಾತ್ರ ತೋಯ್ದಿತ್ತಂತೆ. ಹೊಳೆ ಇನ್ನೂ ಏರುವ ಮೊದಲೇ ಮಗಳನ್ನು ಕರೆತರುತ್ತೇನೆಂದು ಅಂಬಿಗ ಆಗಲೇ ಆಚೆ ದಂಡೆಗೆ ಹೋಗಿದ್ದ. ಮಗಳು ಏಳು ತಿಂಗಳ ಬಸುರಿ. ಗಂಡನ ಮನೆಯಲ್ಲಿ ಕುಬಸದ ಊಟ, ಅಂದರೆ ಸೀಮಂತದ ಊಟ, ಮುಗಿಸಿ, ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳು. ಊಟ ತಡವಾಗಿತ್ತೋ ಏನೋ, ಕತ್ತಲಾಗುತ್ತ ಬಂದರೂ ದೋಣಿಯ ಸುಳಿವಿಲ್ಲ.

ಅಷ್ಟರಲ್ಲಿ ದೀಪಗಳು ಹತ್ತಿಕೊಂಡವು. ಆರಕ್ಕೆ ಆರೂ. ದಿನವಿಡೀ ಒಳ್ಳೆ ಬಿಸಿಲಿತ್ತಲ್ಲ, ಹಾಲಿನಂತೆ ಬೆಳಗಿದವು. ಪ್ರವಾಹದ ನಡುವೆ ನಿಂತ ಆ ಮೂರು ದೀಪಗಳನ್ನು ನೋಡಿ ನನಗೆ ಕಣ್ಣಲ್ಲಿ ನೀರು ಬಂತು. ಸುತ್ತ ನಿಂತವರು, "ಭಾರೀ ಆತ ಬಿಡ್ರಿ ಸಾಹೇಬ್ರ," ಎಂದರು. ನಾನು ಉಬ್ಬಿಹೋದೆ.

ಅಂಬಿಗನ ಹೆಂಡತಿ ಮಗಳಿಗಾಗಿ ಬಿಸಿ ಅಡುಗೆ ಮಾಡಿಟ್ಟು, ದೋಣಿ ಯಾಕೆ ಬರಲಿಲ್ಲ ಎಂದು ನೋಡಲು ಕೆಳಗಿಳಿದು ಬಂದಳು. ಬಂದವಳು ಹಾಗೇ ನಿಂತುಬಿಟ್ಟಳು.

"ಮೊದಲನೇ ದೀಪ ನೀರಾಗ ಉರಿಯಾಕತ್ತೈತಿ," ಎಂದಳು.

"ಹೌದ್ರಿ ಅಕ್ಕಾರ. ಹೇಳಿದ್ದೆನಲ್ಲ, ಆರೂದಿಲ್ಲಂತ."

"ಆರಸ್ರಿ ಅದನ್ನ."

"ಯಾಕ್ರಿ?"

"ಅವರು ಬೆಳಕಿಗೆ ಬರ್ತಾರ. ಬೆಳಕ ಎಲ್ಲೈತಿ ದಂಡಿ ಅಲ್ಲೈತಿ ಅಂತ ಬರ್ತಾರ. ನಾ ನೀರಿನ ಕೂಡ ಹಿಂದಕ್ಕ ಮುಂದಕ್ಕ ಸರಕೊಂತ ನಿಂದರತಿದ್ದೆ. ನಿಮ್ಮ ದೀಪ ಎಲ್ಲಿ ಸರೀತೈತಿ? ಆರಸ್ರಿ ಮೊದಲ."

ಆಗ ತಿಳಿಯಿತು. ಅವಳ ಕಂದೀಲು ದಾರಿ ತೋರಿಸುವ ಕಂದೀಲೇ ಅಲ್ಲ. ಇವತ್ತು ನೀರಿನ ಅಂಚು ಇಲ್ಲಿದೆ ಎಂದು ಹೊಳೆಯಲ್ಲಿರುವವನಿಗೆ ಹೇಳುವ ಕಂದೀಲು. ಹೊಳೆ ಏರಿದರೆ ಊರಿನ ಕಡೆ, ಇಳಿದರೆ ಮತ್ತೆ ಕಟ್ಟೆಯ ಕಡೆ, ಮೂವತ್ತು ವರ್ಷ ಅವಳು ನೀರಿನ ಜೊತೆ ನಡೆದಿದ್ದಾಳೆ. ಅಂಬಿಗನೂ ಮೂವತ್ತು ವರ್ಷದಿಂದ ಕಣ್ಣಿಗೆ ಮೊದಲು ಬಿದ್ದ ಬೆಳಕಿಗೇ ದೋಣಿ ತಿರುಗಿಸಿದ್ದಾನೆ. ಈಗ ಅವನಿಗೆ ಮೊದಲು ಕಾಣುವ ಬೆಳಕಿನ ಬುಡದಲ್ಲಿ, ನೀರಿನ ಕೆಳಗೆ, ಘಟ್ಟದ ಕಲ್ಲಿನ ಕಟ್ಟೆ ಇದೆ.

"ಆರಸಾಕ ಬರೂದಿಲ್ರಿ ಅಕ್ಕಾರ," ಎಂದೆ. "ಅದಕ್ಕ ಬಟನ್ ಇಲ್ಲ."

ಅವಳು ಸೀರೆಯ ಕಚ್ಚೆ ಬಿಗಿದುಕೊಂಡು ಮನೆಗೆ ಓಡಿ ಕಂದೀಲು ಹಚ್ಚಿಕೊಂಡು ಬಂದಳು, ನೀರಿನ ಅಂಚಿನಲ್ಲಿ ಅದನ್ನು ಎತ್ತಿ ಹಿಡಿದಳು. ಆದರೆ ನಾಲ್ಕನೇ ದೀಪದ ಬೆಳಕಿನ ಮುಂದೆ ಆ ಕಂದೀಲು ನನಗೇ ಕಾಣಲಿಲ್ಲ. ಮೊದಲನೇ ದೀಪಕ್ಕೆ ಕಲ್ಲು ಮುಟ್ಟುವಂತಿರಲಿಲ್ಲ; ಕಂದೀಲಾದರೂ ಕಾಣಲಿ ಎಂದು ನಾನು ಕಲ್ಲು ಆರಿಸಿ ನಾಲ್ಕನೇ ದೀಪಕ್ಕೆ ಹೊಡೆದೆ. ಸರಕಾರದ ನೌಕರ, ತಾನೇ ನಿಂತು ನೆಡಿಸಿದ ದೀಪಕ್ಕೆ ಕಲ್ಲು. ಎರಡು ತಾಗಿದವು, ಜಾಳಿಗೆ ಠಣ್ ಎಂದಿತು, ದೀಪಕ್ಕೆ ಏನೂ ಆಗಲಿಲ್ಲ. ಜನ ಕೂಗಿದರು. ಹೊಳೆಯ ಸದ್ದಿನಲ್ಲಿ ಯಾರ ಕೂಗು ಯಾರಿಗೆ?

ದೋಣಿ ಬಂತು. ನೇರ ಮೊದಲನೇ ದೀಪಕ್ಕೇ ಬಂತು. ಅಂಬಿಗ, ಮಗಳು, ಹುಟ್ಟು ಹಾಕುವ ಇಬ್ಬರು, ನಾಲ್ಕೂ ಜನ ಸ್ಪಷ್ಟವಾಗಿ ಕಂಡರು. ಅಡಿಯಲ್ಲಿ ಹಲಗೆ ಸೀಳಿದ ಸದ್ದು ನಮಗೂ ಕೇಳಿತು. ದೋಣಿ ವಾಲಿ, ನೀರು ತುಂಬಿಕೊಂಡು, ಸೆಳವಿಗೆ ಸಿಕ್ಕು ಹೋಗೇಬಿಟ್ಟಿತು. ತಾಯಿ ಕಂದೀಲು ನನ್ನ ಕೈಗೆ ಕೊಟ್ಟು ನೀರಿಗಿಳಿದಳು. ಹೆಂಗಸರು ಅವಳ ಸೆರಗು ಹಿಡಿದು ಹಿಂದಕ್ಕೆಳೆದರು.

ಆಮೇಲೆ ಯಾರೋ, "ಕಂಬಕ್ಕ ಹಿಡಕೊಂಡಾರ," ಎಂದರು.

ನಾಲ್ಕೂ ಜನ ಕಂಬಕ್ಕೆ ತೂಗಿಬಿದ್ದಿದ್ದರು. ದೀಪ ದುರಸ್ತಿಗೆ ಏರಲಿ ಎಂದು ಕಂಬಕ್ಕೆ, ಹುಡುಗರ ಕೈಗೆಟುಕದ ಎತ್ತರದಿಂದ, ಸರಳಿನ ಮೆಟ್ಟಿಲು ಬೆಸುಗೆ ಹಾಕಿಸಿದ್ದೆ. ಅಂಬಿಗ ಮಗಳನ್ನು ಆ ಸರಳುಗಳ ಮೇಲೆ ದೂಡಿ ಕೂಡಿಸಿ, ತಾನು ಕೆಳಗೆ ಅವಳ ಕಾಲು ಅಪ್ಪಿ ನಿಂತಿದ್ದ. ಬೇರೆ ಯಾವ ಕಂಬವಾದರೂ ಆ ಸೆಳವಿಗೆ ಕಿತ್ತು ಹೋಗುತ್ತಿತ್ತು. ಇದು ಅಲುಗಲಿಲ್ಲ. ಊರ ಈಜುಗಾರರು ನಾಲ್ವರು ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು, ಬಾವಿಯ ಹಗ್ಗ ಹಿಡಿದು, ಆ ದೀಪದ ಬೆಳಕಿನಲ್ಲೇ ಒಂದು ಕಂಬದಿಂದ ಇನ್ನೊಂದಕ್ಕೆ ಹಾಯ್ದು ಹೋದರು. ಮೊದಲು ಮಗಳನ್ನು ತಂದರು. ತಾಯಿ ಅವಳ ಹೊಟ್ಟೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಕಣ್ಣು ಮುಚ್ಚಿ ಕುಳಿತಳು. ಕೂಸು ಮಿಸುಕಿತೆಂದು ಅವಳು ತಲೆಯಾಡಿಸಿದ ಮೇಲೆಯೇ ನಾನು ಉಸಿರು ಬಿಟ್ಟದ್ದು. ಈಜು ಬಾರದ ನಾನು ಅಲ್ಲಿಯವರೆಗೂ ಕಂದೀಲು ಹಿಡಿದು ನಿಂತೇ ಇದ್ದೆ.

ಇನ್ನು ನೀವೇ ಹೇಳಿ. ಅವರನ್ನು ಕಲ್ಲಿನ ಮೇಲೆ ಕರೆದದ್ದೂ ಅದೇ ದೀಪ, ಹಿಡಿದು ನಿಲ್ಲಿಸಿದ್ದೂ ಅದೇ ದೀಪ. ವಿಜಾಪುರದಿಂದ ಸಾಹೇಬರು ಬಂದು ನೀರಿನಲ್ಲಿ ನಿಂತ ಕಂಬಗಳ ಫೋಟೋ ತೆಗೆಸಿಕೊಂಡು ನನ್ನ ಬೆನ್ನು ತಟ್ಟಿದರು. ವರದಿಯಲ್ಲಿ, ಪ್ರವಾಹದಲ್ಲಿ ದೀಪ ಕೆಲಸ ಮಾಡಿತೇ ಎಂದು ಕೇಳಿತ್ತು. ಹೌದು ಎಂದು ಬರೆದೆ. ಬರೆದದ್ದು ಸುಳ್ಳಲ್ಲ. ಆದರೂ ಆ ಒಂದು ಶಬ್ದ ಬರೆದು ಸಹಿ ಮಾಡುವಾಗ ಕಳ್ಳತನ ಮಾಡಿದವನಂತೆ ಬಾಗಿಲ ಕಡೆ ನೋಡಿದೆ. ಆಯಿಗೆ ಹೇಳಿದರೆ, ನಾಲ್ಕು ಜೀವ ಉಳಿದವಲ್ಲ, ಮತ್ತೇನು ಎಂದಳು. ಉಳಿಯಬೇಕಾದ ಗತಿ ತಂದವನು ಯಾರು ಎಂದು ಅವಳಿಗೆ ಹೇಗೆ ಹೇಳಲಿ?

ದೀಪಾವಳಿಯ ಹೊತ್ತಿಗೆ, ಹೊಳೆದಂಡೆಯ ಬೇರೆ ಊರುಗಳಿಗೂ ಇಂಥವೇ ದೀಪ ಹಾಕಬೇಕೆಂದು ಆದೇಶ ಬಂತು. ನಾನು ಕಾಗದ ಪೆನ್ನು ಹಿಡಿದು ಅಂಬಿಗನ ಮನೆಗೆ ಹೋದೆ. ಮಗಳಿಗೆ ದಿನ ತುಂಬಿ ಹೆಣ್ಣು ಕೂಸು ಹುಟ್ಟಿತ್ತು, ಬಾಣಂತಿ ಒಳಗೆ ಮಲಗಿದ್ದಳು. ಅಜ್ಜಿಯಾದವಳು ಅಂಗಳದಲ್ಲಿ ಕೂಸಿಗೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು. ಬಾ ಎಂದಳು. ಸಾಹೇಬ್ರ ಎನ್ನಲಿಲ್ಲ.

"ದೀಪ ಎಲ್ಲಿ ನಡಬೇಕು, ಹೆಂಗ ನಡಬೇಕು, ನೀವ ಹೇಳ್ರಿ ಅಕ್ಕಾರ. ಬರಕೋತೇನಿ," ಎಂದೆ.

ಅವಳು ಕೂಸನ್ನು ಬಿಸಿಲಿಗೆ ಹೊರಳಿಸಿ ಮಲಗಿಸಿದಳು.

"ಈಗ ಕೇಳಾಕ ಬಂದಿ ತಮ್ಮಾ. ಅವತ್ತ ಊರ ಗಂಡಸರನ್ನೆಲ್ಲ ಕೂಡಿಸಿ ಹೊಳಿ ಸುದ್ದಿ ಕೇಳಿದಿ. ಒಬ್ಬೊಬ್ಬರದೂ ಬರಕೊಂಡಿ, ನಾಕ ಹಾಳಿ. ಹೊತ್ತ ಮುಳುಗಿ ಹಾಳಿ ಕಾಣವಲ್ದು ಅಂದಿ. ಆವಾಗ ನಿನ್ನ ಬಾಜೂಕ ನಿಂತು ಕಂದೀಲ ಹಿಡದಾಕಿ ನಾನ."

ನಾನು ಎಷ್ಟು ನೆನಪಿಸಿಕೊಂಡರೂ ಆ ಸಂಜೆ ಅವಳ ಮುಖ ನೆನಪಾಗಲಿಲ್ಲ. ಹಾಳೆಯ ಮೇಲೆ ಬಿದ್ದ ಬೆಳಕು ಮಾತ್ರ ನೆನಪಿತ್ತು.