ದಿಂಬಿನ ಮೇಲೆ ಕುಳಿತು ಇಟಲಿಯ ಘಾಟಿ ಇಳಿದದ್ದು

ನಮ್ಮ ಕಾರಿನಲ್ಲಿ ಒಂದು ದಿಂಬು ಇದೆ. ಹಳೆಯ ಸೀರೆಯ ಸೆರಗು ಕತ್ತರಿಸಿ, ಉಡುಪಿಯಿಂದ ತಂದ ಬೂರುಗದ ಹತ್ತಿ ತುಂಬಿ, ದುಬೈಯ ದೇರಾದ ನಮ್ಮ ಫ್ಲ್ಯಾಟಿನಲ್ಲಿ ನಾನೇ ಕೈಯಾರೆ ಹೊಲಿದದ್ದು. ದೇವರು ನನಗೆ ನಾಲಿಗೆ ಕೊಟ್ಟಷ್ಟು ಧಾರಾಳವಾಗಿ ಎತ್ತರ ಕೊಡಲಿಲ್ಲ ನೋಡಿ. ದಿಂಬಿಲ್ಲದೆ ಸ್ಟಿಯರಿಂಗಿನ ಹಿಂದೆ ಕುಳಿತರೆ ನನಗೆ ರಸ್ತೆಗಿಂತ ಆಕಾಶವೇ ಹೆಚ್ಚು ಕಾಣುತ್ತದೆ. ಡ್ರೈವಿಂಗ್ ಶಾಲೆಗೆ ಅದನ್ನು ಕಂಕುಳಲ್ಲಿ ಇರುಕಿಕೊಂಡೇ ಹೋಗುತ್ತಿದ್ದೆ. ಮೂರು ಸಲ ಫೇಲಾಗಿ ನಾಲ್ಕನೆಯ ಸಲ ಪಾಸಾದಾಗ, ದಿಂಬಿಗೂ ಒಂದು ಲೈಸೆನ್ಸ್ ಕೊಡಬೇಕಿತ್ತು ಅನ್ನಿಸಿತ್ತು.

ನಾನು ಕಲಿತದ್ದು ಗೇರಿನ ಗಾಡಿ. ಈ ಊರಿನಲ್ಲಿ ಆಟೋಮ್ಯಾಟಿಕ್ ಕಲಿತವರಿಗೆ ಆಟೋಮ್ಯಾಟಿಕ್ ಓಡಿಸಲು ಮಾತ್ರ ಅನುಮತಿ, ನಮ್ಮವರ ಲೈಸೆನ್ಸೂ ಅದೇ. "ಈಗ ಗೇರು ಯಾರಿಗೆ ಬೇಕು ಮಾರಾಯ್ತಿ? ಎಂತಕ್ಕೆ ಸುಮ್ಮನೆ ಕಷ್ಟ?" ಎಂದಿದ್ದರು. ಆದರೆ ನನ್ನ ಅಪ್ಪ ಆಗುಂಬೆ ಘಾಟಿಯಲ್ಲಿ ಬಸ್ಸು ಓಡಿಸಿದವರು. ಅವರ ಮಗಳು ಗೇರು ಮುಟ್ಟದೆ ಡ್ರೈವರ್ ಅನ್ನಿಸಿಕೊಳ್ಳುವುದುಂಟೇ! ದುಬೈಯೋ, ಅಂಗೈಯಂಥ ನೆಲ. ಏರು ಕಲಿಸಲು ಏರೇ ಇಲ್ಲವಾದ್ದರಿಂದ ಶಾಲೆಯವರು ಅಂಗಳದಲ್ಲಿ ಕಾಂಕ್ರೀಟಿನ ಗುಡ್ಡವೊಂದನ್ನು ಕಟ್ಟಿಸಿ, ಅದರ ನಡುವೆ ಗಾಡಿ ನಿಲ್ಲಿಸಿ, ಹಿಂದೆ ಜಾರದೆ ಮತ್ತೆ ಹೊರಡು ಎನ್ನುತ್ತಾರೆ. ಮೂರು ಸಲವೂ ನಾನು ಫೇಲಾದದ್ದು ಆ ಗುಡ್ಡದ ಮೇಲೆಯೇ.

ಲೈಸೆನ್ಸ್ ಬಂದ ಮೊದಲ ಶುಕ್ರವಾರ ನಮ್ಮ ಆಟೋಮ್ಯಾಟಿಕ್ ಕಾರನ್ನು ಹೆದ್ದಾರಿಗೆ ತಂದೆ. ಪಕ್ಕದಲ್ಲಿದ್ದ ನಮ್ಮವರು ಉಸಿರಿಗೊಮ್ಮೆ "ಬ್ರೇಕ್! ಬ್ರೇಕ್!" ಎಂದರು. ಜೆಬೆಲ್ ಅಲಿ ತಲುಪುವ ಮೊದಲೇ ಬದಿಗೆ ನಿಲ್ಲಿಸಿ ಕೀಲಿಯನ್ನು ಅವರ ಕೈಗೆ ಹಾಕಿದೆ. ಮರುದಿನದಿಂದ ದಿಂಬು ಅವರ ಬೆನ್ನುನೋವಿಗೆ ಆಸರೆಯಾಯಿತು. ಸಿಟ್ಟು ಬಂದಿತ್ತೇ ಎಂದರೆ, ಬಂದಿತ್ತು. ಅರ್ಧ ಅವರ ಮೇಲೆ, ಅಷ್ಟು ಸುಲಭವಾಗಿ ಇಳಿದುಬಂದ ನನ್ನ ಮೇಲೆ ಇನ್ನರ್ಧ. ಗಲ್ಫಿನ ಬದುಕೇ ಹಾಗೆ: ಬಾಗಿಲು ತಾನಾಗಿ ತೆರೆಯುತ್ತದೆ, ಮೆಟ್ಟಿಲು ತಾನಾಗಿ ಏರುತ್ತದೆ, ತಂಪು ತಾನಾಗಿ ಬೀಸುತ್ತದೆ, ಹೆಂಡತಿಯೂ ತಾನಾಗಿ ಪಕ್ಕದ ಸೀಟಿಗೆ ಸರಿದುಬಿಡುತ್ತಾಳೆ. ಹಾಗೆ ಸರಿದವಳು ಆರು ವರ್ಷ ಅಲ್ಲೇ ಕುಳಿತೆ.

ಮದುವೆಯಾಗಿ ಇಪ್ಪತ್ತೈದು ವರ್ಷವಾಯಿತೆಂದು ಇಟಲಿಗೆ ಹೊರಟೆವು. ಬೆಟ್ಟದ ಊರುಗಳನ್ನು ನೋಡುತ್ತ ನೋಡುತ್ತ ಬಾಡಿಗೆ ಕಾರಿನಲ್ಲಿ ಕಡಲಿಗಿಳಿಯುವುದೆಂಬ ಯೋಜನೆ. ಇಂಟರ್ನೆಟ್ಟಿನಲ್ಲಿ ಕಾರು ಗೊತ್ತುಮಾಡಿದವರು ನಮ್ಮವರೇ. ಡಿಕ್ಕಿಯಲ್ಲಿ ಕುಚ್ಚಲಕ್ಕಿಯ ಕುಕ್ಕರು ಹಿಡಿಯುತ್ತದೆಯೇ ಎಂದು ಅಳೆದು ತೂಗಿ ನೋಡಿದ ಮಹಾನುಭಾವರು ಗೇರು ನೋಡಿರಲಿಲ್ಲ. ಫ್ಲಾರೆನ್ಸಿನ ವಿಮಾನ ನಿಲ್ದಾಣದ ಕೌಂಟರಿನಲ್ಲಿದ್ದ ಹೆಂಗಸು ಅವರ ಲೈಸೆನ್ಸನ್ನು ತಿರುಗಿಸಿ ನೋಡಿ, ಇದ್ದದ್ದು ಗೇರಿನ ಕಾರು ಮಾತ್ರ, ನೀವು ಓಡಿಸುವಂತಿಲ್ಲ ಎಂದಳು. ಹೊರಡುವ ಮೊದಲು ಅಂತರರಾಷ್ಟ್ರೀಯ ಪರವಾನಗಿಯನ್ನು ನಾನೂ ಹಟಕ್ಕೆ ಮಾಡಿಸಿಕೊಂಡಿದ್ದೆ.

"ರೈಲಲ್ಲಿ ಹೋಗುವ," ಎಂದರು ನಮ್ಮವರು.

"ನಾನು ಓಡಿಸ್ತೇನೆ."

"ನೀನಾ? ಆರು ವರ್ಷ ಆಯ್ತಲ್ಲ ಮುಟ್ಟದೆ!"

"ಒಂದೇ ಶರತ್ತು ಮಾರಾಯ್ರೆ. ಬ್ರೇಕ್ ಅಂತ ನಿಮ್ಮ ಬಾಯಿಂದ ಬಂದ್ರೆ ಅಲ್ಲೇ ಇಳಿಸಿ ಹೋಗ್ತೇನೆ."

ವಿಮಾನದಲ್ಲಿ ಬೆನ್ನಿಗಿರಲಿ ಎಂದು ಅವರು ತಂದಿದ್ದ ದಿಂಬನ್ನು ಕೈಯಿಂದ ತೆಗೆದುಕೊಂಡು ನನ್ನ ಸೀಟಿಗೆ ಹಾಕಿದೆ.

ಎರಡು ದಿನ ಹೇಗೋ ಕಳೆಯಿತು. ಮೂರನೆಯ ದಿನ ಬೆಟ್ಟದ ನೆತ್ತಿಯ ಊರೊಂದರಲ್ಲಿ, ಕಲ್ಲುಹಾಸಿನ ಓಣಿಯ ನಡು ಏರಿನಲ್ಲಿ, ಎದುರು ಬಂದ ವ್ಯಾನಿಗೆ ದಾರಿ ಬಿಡಲು ನಿಂತೆ. ಮತ್ತೆ ಹೊರಟರೆ ಎಂಜಿನ್ ಆಫ್. ಇನ್ನೊಮ್ಮೆ ಹೊರಟೆ, ಇನ್ನೊಮ್ಮೆ ಆಫ್. ಹಿಂದೆ ಸಾಲುಗಟ್ಟಿದ ಕಾರುಗಳು ಹಾರ್ನ್ ಹೊಡೆಯತೊಡಗಿದವು. ಬೈಗುಳ ಯಾವ ಭಾಷೆಯದ್ದಾದರೂ ಅರ್ಥವಾಗುತ್ತದೆ. ಕಾರು ಒಂದು ಗೇಣು ಹಿಂದೆ ಜಾರಿತು.

"ಇಳಿ ಮಾರಾಯ್ತಿ, ಯಾರನ್ನಾದ್ರೂ ಕೇಳುವ, ಮೇಲೆ ಹತ್ತಿಸಿ ಕೊಡ್ತಾರೆ," ಎನ್ನುತ್ತ ನಮ್ಮವರು ಬಾಗಿಲಿಗೆ ಕೈ ಹಾಕಿದರು.

"ಕೂತ್ಕೊಳ್ಳಿ ಸುಮ್ಮನೆ! ಇಳಿಯುವುದು ಒಂದು ಸಲ ಆಯ್ತು. ಇನ್ನಿಲ್ಲ, ಖಲಾಸ್!"

ಹ್ಯಾಂಡ್‌ಬ್ರೇಕ್ ಎಳೆದೆ. ದುಬೈಯ ಆ ಸಿಮೆಂಟಿನ ಗುಡ್ಡವನ್ನು ನೆನೆದೆ. ಕ್ಲಚ್ಚನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬಿಡುತ್ತ, ಕಾರಿನ ಮೂತಿ ತುಸು ಮೇಲೇಳುವವರೆಗೂ ಕಾದು, ಆಮೇಲೆ ಹ್ಯಾಂಡ್‌ಬ್ರೇಕ್ ಇಳಿಸಿದೆ. ಕಾರು ಮುಲುಕುತ್ತ ಏರು ಹತ್ತಿತು. ನಾನು ಗಟ್ಟಿಯಾಗಿ ಕೂಗಿದೆ, ಏನು ಕೂಗಿದೆನೋ ನೆನಪಿಲ್ಲ.

ಮರುದಿನ ಕಡಲಿಗಿಳಿಯುವ ದಾರಿ. ಹತ್ತಿದ ಗೇರಿನಲ್ಲೇ ಇಳಿಯಬೇಕು, ಬ್ರೇಕನ್ನೇ ನಂಬಿ ಕೂತರೆ ಘಾಟಿ ಕೈಕೊಡುತ್ತದೆ ಎನ್ನುತ್ತಿದ್ದರು ಅಪ್ಪ. ಎರಡನೆಯ ಗೇರಿನಲ್ಲಿ ತಿರುವು ತಿರುವಾಗಿ ಇಳಿದೆ. ನಮ್ಮವರ ಬಲಗಾಲು ಕಾಲಡಿಯ ಮ್ಯಾಟನ್ನು ಒತ್ತಿ ಒತ್ತಿ ಇಡುತ್ತಿತ್ತು. ಬಾಯಿ ಮಾತ್ರ, ಪುಣ್ಯಾತ್ಮರು, ತೆರೆಯಲಿಲ್ಲ. ಕೊನೆಯ ತಿರುವಿನಲ್ಲಿ ಒಮ್ಮೆಲೇ ಸಮುದ್ರ ಕಂಡಾಗ ಅಪ್ಪನ ನೆನಪಾಗಿ ಕಣ್ಣು ತುಂಬಿತು. ದಿನಕ್ಕೆರಡು ಸಲ ಬೆಟ್ಟದಿಂದ ಕಡಲಿಗೆ ಜನರನ್ನು ಇಳಿಸಿದ ಅವರು ಮಗಳ ಪಕ್ಕದಲ್ಲಿ ಒಮ್ಮೆಯೂ ಕೂರದೆ ಹೋದರು.

ಮರಳಿನ ಬದಿಗೆ ಕಾರು ನಿಲ್ಲಿಸಿದ ಮೇಲೆ ನಮ್ಮವರು, "ಆ ಶುಕ್ರವಾರವೂ ನಾನು ಬಾಯಿ ಮುಚ್ಚಿ ಕೂರಬಹುದಿತ್ತು, ಅಲ್ವಾ?" ಎಂದರು.

"ಹೌದು, ಕೂರಬಹುದಿತ್ತು," ಎಂದೆ. ಇಲ್ಲವೆಂದು ಸಮಾಧಾನ ಹೇಳುವ ಮನಸ್ಸು ಬರಲಿಲ್ಲ.

ಈಗ ಶುಕ್ರವಾರಗಳಂದು ಫುಜೈರಾಕ್ಕೆ ಹೋಗುತ್ತೇವೆ; ಅಲ್ಲಿಯೂ ಬೋಳು ಬೆಟ್ಟ ದಾಟಿದರೆ ಕಡಲು. ಹೊರಡುವ ಮೊದಲು ನಮ್ಮವರೇ ದಿಂಬನ್ನು ಕೊಡವಿ ನನ್ನ ಸೀಟಿನಲ್ಲಿ ಇಡುತ್ತಾರೆ. ಆರು ವರ್ಷ ಅವರ ಬೆನ್ನಿಗೆ ಸಿಕ್ಕಿ ಅದು ಚಪ್ಪಟೆಯಾಗಿತ್ತು. ಬಿಚ್ಚಿ ಹೊಸ ಹತ್ತಿ ತುಂಬಿದ್ದೇನೆ. ಬೆನ್ನುನೋವಿನವರನ್ನು ಹಾಗೇ ಬಿಡಲಾಗುತ್ತದೆಯೇ? ಅದೇ ಸೀರೆಯ ಉಳಿದ ತುಂಡಿನಲ್ಲಿ ಅವರಿಗೂ ಒಂದು ದಿಂಬು ಹೊಲಿದುಕೊಟ್ಟಿದ್ದೇನೆ. ಅದು ನನ್ನ ಬಲಗಡೆಯ ಸೀಟಿನಲ್ಲಿರುತ್ತದೆ.